ಬೆನ್ನು ನೆಟ್ಟಗಾದ ಮೇಲೆ

ಬೆನ್ನುಮೂಳೆಯ ಆಪರೇಷನ್ ಆದವರನ್ನು ನಮ್ಮ ಜನ ಎರಡೇ ಖಾತೆಗೆ ಹಾಕುತ್ತಾರೆ. ಒಂದು, "ಪೂರ್ತಿ ಗುಣವಾಯಿತು". ಇನ್ನೊಂದು, "ಪಾಪ, ಇನ್ನು ಏನೂ ಮಾಡಲಾಗದು". ನನಗೆ ಆಪರೇಷನ್ ಆಗಿ ಮೂರು ವರ್ಷವಾಯಿತು. ಎರಡೂ ಖಾತೆ ತಪ್ಪು ಎಂದು ನನ್ನ ಅಭಿಪ್ರಾಯ. ನನ್ನಂಥವರು ಈ ಕಾಲೇಜಿನಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು, ಹೇಳಿಕೊಂಡಿರಲಿಕ್ಕಿಲ್ಲ. ಅವರ ಪರವಾಗಿಯೂ ಇದನ್ನು ಬರೆಯುತ್ತಿದ್ದೇನೆ.

ಈ ತೊಂದರೆಯ ಹೆಸರು ಸ್ಕೋಲಿಯೋಸಿಸ್. ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಬಾಗು 10 ಡಿಗ್ರಿ ದಾಟಿದರೆ ಈ ಹೆಸರು ಕೊಡುತ್ತಾರೆ. ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ. ಹೆಚ್ಚಿನವರಿಗೆ ಸಣ್ಣ ಬಾಗು, ಚಿಕಿತ್ಸೆಯೇ ಬೇಡ. ದೊಡ್ಡ ಬಾಗು ಹುಡುಗಿಯರಲ್ಲೇ ಹೆಚ್ಚು. ಬಹುಪಾಲು ಪ್ರಕರಣಗಳಲ್ಲಿ ನಿಖರ ಕಾರಣ ಗೊತ್ತಾಗುವುದಿಲ್ಲ. ಭಾರದ ಬ್ಯಾಗಿನಿಂದ ಬೆನ್ನು ನೋಯಬಹುದು, ಆದರೆ ಅದರಿಂದ ಈ ಕಾಯಿಲೆ ಬರುವುದಿಲ್ಲ. ವಕ್ರವಾಗಿ ಕೂತಿದ್ದರಿಂದಲೂ ಬರುವುದಿಲ್ಲ, ಯಾರದೋ ನಜರ್‌ನಿಂದಲೂ ಅಲ್ಲ. "ನೀನೇ ಮಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ನಮ್ಮ ಅಮ್ಮಿಗೆ ಹೇಳಿದವರಿದ್ದಾರೆ. ಅದು ಸುಳ್ಳು ಎಂದು ಇಲ್ಲಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಬಾಗು 45-50 ಡಿಗ್ರಿ ದಾಟಿದರೆ ಸಾಮಾನ್ಯವಾಗಿ ಡಾಕ್ಟರು ಆಪರೇಷನ್ ಮಾತೆತ್ತುತ್ತಾರೆ. ನನ್ನದು 58 ಇತ್ತು. ಮೂಳೆಗಳಿಗೆ ಸ್ಕ್ರೂ ಹಾಕಿ, ಎರಡು ಲೋಹದ ಸರಳುಗಳಿಂದ ಬೆನ್ನನ್ನು ನೆಟ್ಟಗೆ ಹಿಡಿದು, ನಡುವೆ ಮೂಳೆಯ ಚೂರುಗಳನ್ನು ತುಂಬುತ್ತಾರೆ. ತಿಂಗಳುಗಳು ಕಳೆದಂತೆ ಆ ಮೂಳೆಗಳೆಲ್ಲ ಬೆಸೆದು ಒಂದೇ ಮೂಳೆಯಾಗುತ್ತವೆ. ಸರಳುಗಳ ಕೆಲಸ ಅಲ್ಲಿಯವರೆಗೆ ಹಿಡಿದಿಡುವುದು. ಆಮೇಲೆ ತೊಂದರೆ ಕೊಡದಿದ್ದರೆ ಅವು ಒಳಗೇ ಉಳಿಯುತ್ತವೆ. ಅಮೆರಿಕದ ಡಾಕ್ಟರ್ ಪಾಲ್ ಹ್ಯಾರಿಂಗ್ಟನ್ ತಮ್ಮ ಸರಳಿನ ವಿಧಾನವನ್ನು 1962ರಲ್ಲಿ ಪ್ರಕಟಿಸಿದರು. ಇಂದಿನ ವಿಧಾನ ಅದಕ್ಕಿಂತ ಬಹಳ ಸುಧಾರಿಸಿದೆ. ನನ್ನಲ್ಲಿ ಬೆಸೆದಿರುವುದು 11 ಮೂಳೆಗಳು.

ಇದರ ಅರ್ಥ ದಿನನಿತ್ಯದಲ್ಲಿ ಏನು? ಪೆನ್ನು ಬಿದ್ದರೆ ಬೆನ್ನು ಬಗ್ಗಿಸಲಾರೆ, ಮೊಣಕಾಲು ಮಡಚಿ ಕೂತು ಎತ್ತಿಕೊಳ್ಳುತ್ತೇನೆ. ನಮಾಜಿನ ರುಕೂಗೆ ಸೊಂಟದ ಕೀಲಿನಿಂದ ಬಾಗುತ್ತೇನೆ, ಏನೂ ಕಷ್ಟವಿಲ್ಲ. ಹಿಂದಿನ ಬೆಂಚಿನಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು. ತಿರುಗದಿದ್ದರೆ ಸೊಕ್ಕು ಎನ್ನುತ್ತಾರೆ. ಕ್ಲಾಸಿನಲ್ಲಿ "ನೋಡಿ, ಎಷ್ಟು ನೆಟ್ಟಗೆ ಕೂರುತ್ತಾಳೆ" ಎಂದು ನನ್ನನ್ನು ಉದಾಹರಣೆ ಕೊಟ್ಟದ್ದೂ ಇದೆ. ಬೇರೆ ಥರ ಕೂರಲು ನನ್ನಿಂದ ಆಗುವುದೇ ಇಲ್ಲ! ಗಾಯದ ಗುರುತಿನ ಪಕ್ಕದಲ್ಲಿ ಅಂಗೈಯಷ್ಟು ಜಾಗಕ್ಕೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ.

ಮುಖ್ಯವಾದದ್ದು ಮುಂದಿನ ವರ್ಷಗಳು. ಬೆಸೆದ ಭಾಗ ಅಲುಗದ ಕಾರಣ ಅದರ ಕೆಳಗಿನ ಕೀಲುಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಕೆಲವರಿಗೆ ಅವು ಬೇಗ ಸವೆದು ಸೊಂಟನೋವು ಬರಬಹುದು. ಅದಕ್ಕೇ ನಡಿಗೆ, ಹೊಟ್ಟೆ-ಬೆನ್ನಿನ ಸ್ನಾಯುಗಳ ವ್ಯಾಯಾಮ, ಆಗಾಗ ತಪಾಸಣೆ ಬಿಡುವಂತಿಲ್ಲ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳಿದರೆ ಆಪರೇಷನ್ ಒಂದು ಬಂಡವಾಳ ವೆಚ್ಚ. ಯಂತ್ರ ಕೊಂಡ ದಿನವೇ ಲೆಕ್ಕ ಮುಗಿಯುವುದಿಲ್ಲ, ನಿರ್ವಹಣೆ ಖರ್ಚು ಪ್ರತಿವರ್ಷ ಇರುತ್ತದೆ. ಅದಕ್ಕೆ ಜಾಗ ಬಿಡದ ಬಜೆಟ್ ತಪ್ಪು ಬಜೆಟ್.

ಹಾಗೆಂದು ಎರಡನೆಯ ಖಾತೆಯೂ ಸರಿಯಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಹಳೆಯ ಹ್ಯಾರಿಂಗ್ಟನ್ ವಿಧಾನದಲ್ಲಿ ಆಪರೇಷನ್ ಆದವರನ್ನು 20 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದರು. ಬೆನ್ನುನೋವು ಇತರರಿಗಿಂತ ಸ್ವಲ್ಪ ಹೆಚ್ಚಿತ್ತು. ಆದರೆ ಬಹುತೇಕರು ಎಲ್ಲರಂತೆ ದುಡಿಯುತ್ತಿದ್ದರು, ಸಂಸಾರ ನಡೆಸುತ್ತಿದ್ದರು, ತಾಯಂದಿರಾಗಿದ್ದರು. ಬ್ರಿಟನ್ನಿನ ರಾಜಕುಮಾರಿ ಯೂಜಿನಿಗೆ 12ನೇ ವಯಸ್ಸಿನಲ್ಲಿ, 2002ರಲ್ಲಿ, ಇದೇ ಆಪರೇಷನ್ ಆಯಿತು. 2018ರ ತಮ್ಮ ಮದುವೆಯಲ್ಲಿ ಅವರು ಬೆನ್ನಿನ ಗುರುತು ಕಾಣುವ ಉಡುಪನ್ನೇ ಆರಿಸಿಕೊಂಡರು. ನಾನು ಹಾಗೆ ಉಡುವುದಿಲ್ಲ, ಅದು ನನ್ನ ರೀತಿಯಲ್ಲ. ಆದರೆ ಬಟ್ಟೆಯಿಂದ ಮುಚ್ಚುವುದು ಬೇರೆ, ಮಾತಿನಿಂದ ಮುಚ್ಚುವುದು ಬೇರೆ.

ಮಾತಿನಿಂದ ಮುಚ್ಚಲು ಹೇಳುವವರು ಬಹಳ ಮಂದಿ. "ಹೊರಗೆ ಹೇಳಬೇಡ, ನಾಳೆ ರಿಶ್ತಾ ಬರಬೇಕಲ್ಲ" ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಇದನ್ನು 'ಐಬ್' ಎನ್ನುತ್ತಾರೆ. ಕನ್ನಡದಲ್ಲೂ 'ಐಬು' ಎಂದೇ ಇದೆ. ಎರಡು ಭಾಷೆಗೂ ಒಂದೇ ಪದ, ಎರಡು ಕಡೆಯೂ ಹುಡುಗಿಯ ಮೇಲೇ ಅದರ ಭಾರ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮುಚ್ಚಿಟ್ಟರೆ ಭಾರ ಎತ್ತಬೇಡ ಎಂದು ಯಾರು ಹೇಳುತ್ತಾರೆ? ಹೆರಿಗೆಯ ಹೊತ್ತಿಗೆ ಬೆನ್ನಿಗೆ ಅರಿವಳಿಕೆ ಸೂಜಿ ಹಾಕುವುದು ಕಷ್ಟವಾಗಬಹುದು ಎಂದು ಡಾಕ್ಟರಿಗೆ ಮೊದಲೇ ಗೊತ್ತಾಗುವುದು ಹೇಗೆ? ಮುಚ್ಚಿಟ್ಟು ಬಂದ ಸಂಬಂಧ ಗೊತ್ತಾದ ದಿನ ಉಳಿಯುತ್ತದೆಯೇ?

ಕಾಲೇಜಿನಲ್ಲೂ ಅಷ್ಟೇ. ಹೇಳದಿದ್ದರೆ ಅನುಕೂಲ ಸಿಗದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮೀಸಲಾತಿಗೆ ಶೇಕಡಾ 40 ಎಂಬ ಮಿತಿ ಇದೆ. ನನ್ನ ಬಳಿ ಅಂಥ ಪ್ರಮಾಣಪತ್ರವಿಲ್ಲ, ನಾನು ಕೇಳುವುದೂ ಮೀಸಲಾತಿಯನ್ನಲ್ಲ. ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ. ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡು ಸಲ ಎದ್ದು ನಿಲ್ಲಲು ಅನುಮತಿ. ದಪ್ಪ ಪಠ್ಯಪುಸ್ತಕಗಳ ಒಂದು ಸೆಟ್ ಕ್ಲಾಸಿನಲ್ಲೇ ಇಡಲು ಒಂದು ಕಪಾಟು. ಇವಕ್ಕೆ ಹೆಚ್ಚು ಖರ್ಚಿಲ್ಲ. ಕಾಲು ಮುರಿದವರಿಗೂ ಸೊಂಟನೋವಿರುವ ಲೆಕ್ಚರರಿಗೂ ಉಪಯೋಗವಾಗುತ್ತದೆ. ಪ್ರಾಂಶುಪಾಲರು ಇದನ್ನು ಪರಿಶೀಲಿಸಬೇಕೆಂದು ವಿನಂತಿ.

ಕೊನೆಯದಾಗಿ ಗೆಳತಿಯರಿಗೆ ಒಂದು ಮಾತು. ನಮ್ಮ ಸಡಿಲ ಬಟ್ಟೆ, ದುಪಟ್ಟಾದ ಒಳಗೆ ಬಾಗು ತಾಯಿಯ ಕಣ್ಣಿಗೂ ಬೇಗ ಬೀಳುವುದಿಲ್ಲ. ಮನೆಯಲ್ಲಿ 10ರಿಂದ 14 ವರ್ಷದ ತಂಗಿ ಇದ್ದರೆ, ಕಾಲು ಜೋಡಿಸಿ, ಮೊಣಕಾಲು ಮಡಚದೆ, ಮುಂದಕ್ಕೆ ಬಾಗಲು ಹೇಳಿ. ಹಿಂದಿನಿಂದ ಅಮ್ಮಿ ನೋಡಲಿ. ಬೆನ್ನಿನ ಒಂದು ಪಕ್ಕ ಉಬ್ಬಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಬೆಳೆಯುವ ವಯಸ್ಸಿನಲ್ಲೇ ಗೊತ್ತಾದರೆ ಎಷ್ಟೋ ಮಕ್ಕಳಿಗೆ ಬ್ರೇಸ್ ಪಟ್ಟಿಯಿಂದಲೇ ಆಪರೇಷನ್ ತಪ್ಪುತ್ತದೆ. ನೋಡಲು ಒಂದು ನಿಮಿಷ ಸಾಕು. ಇಂದು ರಾತ್ರಿಯೇ ನೋಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ