ಮೊಮ್ಮಗನ ಕಾರು, ತಾತನ ತಪ್ಪು ಲೆಕ್ಕ

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಕ್ಕ ಕೂಡಿದಾಗ ಹತ್ತು ಪೈಸೆ ತಾಳೆಯಾಗದಿದ್ದರೂ ಯಾರೂ ಮನೆಗೆ ಹೊರಡುವಂತಿರಲಿಲ್ಲ. ತಪ್ಪು ಸಿಕ್ಕುವವರೆಗೆ ಲೆಡ್ಜರ್ ಪುಟ ತಿರುವಬೇಕು. ಆಗ ಒಂದು ಸಂಗತಿ ಕಲಿತಿದ್ದೆ. ಹುಡುಕುವವನು ಮೊದಲು ಪಕ್ಕದವನ ಲೆಡ್ಜರನ್ನೇ ನೋಡುತ್ತಾನೆ, ತನ್ನದನ್ನು ಕೊನೆಗೆ. ಎಪ್ಪತ್ತು ದಾಟಿದ ಮೇಲೂ ಆ ಬುದ್ಧಿ ನನ್ನನ್ನು ಬಿಟ್ಟಿರಲಿಲ್ಲ ಎಂದು ಗೊತ್ತಾದದ್ದು ಒಂದು ಆಟದ ಕಾರಿನಿಂದ.

ದಸರಾ ರಜೆಗೆ ನನ್ನ ಮೊಮ್ಮಗ ಬೆಂಗಳೂರಿನಿಂದ ನಮ್ಮ ತಿಪ್ಪಸಂದ್ರಕ್ಕೆ ಬಂದ. ಏಳನೇ ತರಗತಿ. ಕಂಕುಳಲ್ಲಿ ಒಂದು ದೊಡ್ಡ ಪೆಟ್ಟಿಗೆ, ಮೇಲೆ ಕೆಂಪು ಸ್ಪೋರ್ಟ್ಸ್ ಕಾರಿನ ಚಿತ್ರ. ಅವನ ಸೋದರಮಾವ ಕೊಟ್ಟ ಉಡುಗೊರೆಯಂತೆ. ರಿಮೋಟ್ ಒತ್ತಿದರೆ ಓಡುವ ಆಟಿಕೆ ಇರಬೇಕು ಎಂದುಕೊಂಡು ಮುಚ್ಚಳ ತೆಗೆದರೆ ಒಳಗೆ ಕಾರೇ ಇಲ್ಲ! ಪ್ಲಾಸ್ಟಿಕ್ ಚೀಲಗಳಲ್ಲಿ ಹಲ್ಲುಚಕ್ರಗಳು, ಸರಳುಗಳು, ಸ್ಪ್ರಿಂಗುಗಳು, ನೂರಾರು ಪುಟ್ಟ ಸ್ಕ್ರೂಗಳು, ಒಂದು ಮೋಟಾರು, ಗಾಜಿನಂತೆ ಪಾರದರ್ಶಕವಾದ ಒಂದು ಚಿಪ್ಪು, ಚಿತ್ರಗಳ ಪುಸ್ತಿಕೆ.

"ತಾತ, ಇದನ್ನ ನಾವೇ ಕಟ್ಟಬೇಕು" ಎಂದ.

"ಕಟ್ಟೋಣ ಕಣೋ" ಎಂದೆ. ಮನಸ್ಸಿನಲ್ಲಿ ಮಾತ್ರ ಅಳುಕು. ಅದೇಕೆಂದು ಆಮೇಲೆ ಹೇಳುತ್ತೇನೆ.

ಪೆಟ್ಟಿಗೆ ಜಪಾನಿನ ಟಮಿಯಾ ಕಂಪನಿಯದು. ಶಿಜುವೋಕಾ ಎಂಬ ಊರಿನ ಈ ಕಂಪನಿ 1946ರಲ್ಲಿ ಶುರುವಾದಾಗ ಅದೊಂದು ಮರ ಕೊಯ್ಯುವ ಮಿಲ್ಲು. ಮೊದಲು ಮರದ ಮಾದರಿಗಳನ್ನು ಮಾಡುತ್ತಿದ್ದವರು ಆಮೇಲೆ ಪ್ಲಾಸ್ಟಿಕ್ಕಿಗೆ ತಿರುಗಿದರು. 1976ರಲ್ಲಿ ಪೋರ್ಷೆ 934 ಎಂಬ ರೇಸ್ ಕಾರಿನ ರೇಡಿಯೋ ನಿಯಂತ್ರಿತ ಮಾದರಿ ತಂದರು. ಅವರ ಮೊದಲ ರೇಡಿಯೋ ಕಾರು ಅದೇ. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಟಿಟಿ-02 ಎಂಬ ಚಾಸಿಯ ಮೇಲೆ ಕೂರುವ ಟೊಯೋಟಾ ಜಿಆರ್ 86. ನಮ್ಮ ಬಿಡದಿಯಲ್ಲೇ ಟೊಯೋಟಾ ಕಾರ್ಖಾನೆ ಇದೆ, ಆದರೆ ಈ ಸ್ಪೋರ್ಟ್ಸ್ ಕಾರು ಅಲ್ಲಿ ತಯಾರಾಗುವುದಿಲ್ಲ. ಅಳತೆ 1:10. ಅಂದರೆ ನಿಜವಾದ ಕಾರು ಸುಮಾರು ನಾಲ್ಕೂಕಾಲು ಮೀಟರ್ ಇದ್ದರೆ ಇದು ಒಂದೂವರೆ ಅಡಿಗೆ ಕೊಂಚ ಕಡಿಮೆ.

ಮರದಿಂದ ಶುರುವಾದ ಜಪಾನಿನ ಆಟಿಕೆ ಎಂದಾಗ ನಮ್ಮ ಚನ್ನಪಟ್ಟಣ ನೆನಪಾಗದೆ ಇರುತ್ತದೆಯೇ? ಅಲ್ಲಿನ ಅರಗಿನ ಕೆಲಸವನ್ನು ಸುಧಾರಿಸಿದ ಬಾವಾಸ್ ಮಿಯಾ ಅವರು ಜಪಾನಿನ ವಿಧಾನವನ್ನು ಕಲಿತು ಬಂದವರೆಂದು ನಮ್ಮ ಕಡೆ ಹೇಳುತ್ತಾರೆ. ಆಲೆ ಮರದ ತುಂಡನ್ನು (ಆಲದ ಮರವಲ್ಲ ಮಕ್ಕಳೇ, ಇದು ಬೇರೆ) ಚರಕಿ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಲ್ಲಿ ಘರ್ಷಣೆಯೇ ಬಣ್ಣ ಹಚ್ಚುವ ಕೈ. ನಮ್ಮ ಕಾರಿನಲ್ಲಿ ಅದೇ ಘರ್ಷಣೆ ಬ್ಯಾಟರಿ ತಿನ್ನುವ ಕಳ್ಳ. ಇದು ನನಗೆ ಮುಂದೆ ತಿಳಿಯಿತು.

ಈಗ ರೇಡಿಯೋ ಮಾತು. ತಂತಿಯಿಲ್ಲದೆ ದೂರದಿಂದ ಒಂದು ದೋಣಿಯನ್ನು ಓಡಿಸಿ ನಿಕೋಲಾ ಟೆಸ್ಲಾ ಅವರು 1898ರಲ್ಲೇ ನ್ಯೂಯಾರ್ಕಿನಲ್ಲಿ ಜನರನ್ನು ಬೆರಗುಗೊಳಿಸಿದ್ದರು. ಈಗಿನ ರಿಮೋಟು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ಅಲೆ ಕಳಿಸುತ್ತದೆ. ಕಾರಿನ ರಿಸೀವರ್ ಅದನ್ನು ಹಿಡಿದು ಇಬ್ಬರು ಆಳುಗಳಿಗೆ ಅಪ್ಪಣೆ ಕೊಡುತ್ತದೆ. ಒಬ್ಬ ಸರ್ವೋ, ಮುಂದಿನ ಚಕ್ರ ತಿರುಗಿಸುವವನು. ಇನ್ನೊಬ್ಬ ಸ್ಪೀಡ್ ಕಂಟ್ರೋಲರ್, ಮೋಟಾರಿಗೆ ಎಷ್ಟು ಕರೆಂಟು ಎಂದು ಅಳೆದು ಕೊಡುವವನು. ಅಪ್ಪಣೆಯೆಂದರೆ ಒಂದು ವಿದ್ಯುತ್ ಮಿಡಿತ, ಅಷ್ಟೇ. ಮಿಡಿತ ಒಂದೂವರೆ ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ. ಅದಕ್ಕಿಂತ ಕಡಿಮೆಯಾದರೆ ಒಂದು ಕಡೆ, ಹೆಚ್ಚಾದರೆ ಇನ್ನೊಂದು ಕಡೆ. ನೆನಪಿಡಿ, ಮೊದಲು ರಿಮೋಟು ಹಾಕಬೇಕು, ಆಮೇಲೆ ಕಾರು. ಆರಿಸುವಾಗ ಮೊದಲು ಕಾರು, ಆಮೇಲೆ ರಿಮೋಟು. ತಪ್ಪಿದರೆ ಅಪ್ಪಣೆ ಕೊಡುವವರಿಲ್ಲದ ಕಾರು ಎತ್ತಲೋ ನುಗ್ಗಬಹುದು.

ಜಗಲಿಯ ಮೇಲೆ ಚಾಪೆ ಹಾಸಿ ಕಟ್ಟಲು ಕೂತೆವು. ನನ್ನ ಹೆಂಡತಿ ಸ್ಕ್ರೂಗಳಿಗೆಂದು ಇಡ್ಲಿ ತಟ್ಟೆ ಕೊಟ್ಟಳು. ಒಂದೊಂದು ಗುಂಡಿಗೆ ಒಂದೊಂದು ಅಳತೆಯ ಸ್ಕ್ರೂ. ಡಿಫರೆನ್ಷಿಯಲ್ ಎಂಬ ಭಾಗ ಬಂದಾಗ ಮೊಮ್ಮಗ ಅದು ಯಾಕೆ ಎಂದು ಕೇಳಿದ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎತ್ತಿನ ಗಾಡಿಯಲ್ಲಿ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುವುದರಿಂದ ತೊಂದರೆಯಿಲ್ಲ. ಮೋಟಾರು ಎರಡನ್ನೂ ತಳ್ಳಬೇಕಾದಾಗ ಮಾತ್ರ ಹಲ್ಲುಚಕ್ರಗಳ ಈ ಪಂಚಾಯ್ತಿ ಬೇಕು. ಹೀಗೆ ಹೇಳಿದಾಗ ಹುಡುಗನ ಕಣ್ಣು ಅರಳಿತು. ನನಗೂ ಹುಮ್ಮಸ್ಸು ಬಂತು.

ಹುಮ್ಮಸ್ಸಿನಲ್ಲಿ ಒಂದು ತಪ್ಪು ಮಾಡಿದೆ. ಸ್ಕ್ರೂಡ್ರೈವರನ್ನು ಹುಡುಗನಿಗೆ ಕೊಡಲೇ ಇಲ್ಲ. "ನೀನು ಪುಸ್ತಿಕೆ ನೋಡಿ ಹೇಳು, ನಾನು ಬಿಗಿ ಮಾಡ್ತೀನಿ" ಎಂದೆ. ಕಾರಣ ಈಗ ಹೇಳಬೇಕು. ಎರಡು ವರ್ಷದಿಂದ ನನ್ನ ಬಲಗೈ ಬೆರಳು ಸಣ್ಣಗೆ ನಡುಗುತ್ತದೆ. ನೋಟಿನ ಕಟ್ಟನ್ನು ಕಣ್ಣುಮುಚ್ಚಿ ಎಣಿಸುತ್ತಿದ್ದ ಕೈ ಅದು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಚಳಿಯ ನೆಪ ಹೇಳುತ್ತಿದ್ದೆ. ಈ ಪುಟ್ಟ ಸ್ಕ್ರೂಗಳನ್ನು ನಾನೇ ತಿರುಗಿಸಿದರೆ ಕೈ ಇನ್ನೂ ಚೆನ್ನಾಗಿದೆ ಎಂದು ನನಗೆ ನಾನೇ ತೋರಿಸಿಕೊಂಡಂತೆ.

ಚಿಪ್ಪಿಗೆ ಬಣ್ಣ ಮಾತ್ರ ಅವನೇ ಹೊಡೆದ. ಅದನ್ನು ಒಳಗಿನಿಂದ ಹೊಡೆಯಬೇಕು. ಹೊರಮೈ ಎಷ್ಟು ಗೀಚಿದರೂ ಬಣ್ಣ ಹೋಗುವುದಿಲ್ಲ. ಕಿಟಕಿಗಳಿಗೆ ಅಂಟುಪಟ್ಟಿ ಮರೆ ಮಾಡಿ, ಮೊದಲು ಕಪ್ಪು ಅಂಚು, ಆಮೇಲೆ ಕೆಂಪು. ಗೋಡೆಗೆ ಸುಣ್ಣ ಬಳಿಯುವ ಕ್ರಮಕ್ಕೆ ತಲೆಕೆಳಗು. ಬಹಳ ಅಚ್ಚುಕಟ್ಟಾಗಿ ಮಾಡಿದ. ಅದನ್ನು ನೋಡಿಯಾದರೂ ಸ್ಕ್ರೂಡ್ರೈವರ್ ಅವನ ಕೈಗೆ ಕೊಡಬಹುದಿತ್ತು.

ಐದನೇ ದಿನ ಕಾರು ಓಡಿತು. ಮಧ್ಯಾಹ್ನ ಹಾಲಿನ ಡೈರಿಯ ಮುಂದೆ ಯಾರೂ ಇರುವುದಿಲ್ಲ, ಸಿಮೆಂಟಿನ ಅಂಗಳ ನುಣ್ಣಗಿದೆ. ಅದೇ ನಮ್ಮ ರೇಸ್ ಮೈದಾನ. ಎರಡು ಸುತ್ತು ಆಗುವಷ್ಟರಲ್ಲಿ ಊರಿನ ಅರ್ಧ ಮಕ್ಕಳು ಸೇರಿದರು. ಮೊಮ್ಮಗನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. "ಇದಕ್ಕಿಂತ ಫಾಸ್ಟ್ ಮೋಟಾರ್ ಹಾಕೋಣ ತಾತ. ಮಾವ ಒಂದು ಕೊಟ್ಟಿದಾರೆ" ಎಂದ. ಮೋಟಾರಿನೊಳಗೆ ತಂತಿಯ ಸುತ್ತುಗಳು ಕಡಿಮೆ ಇದ್ದಷ್ಟೂ ಅದು ಹೆಚ್ಚು ಕರೆಂಟು ಎಳೆದು ಜೋರಾಗಿ ತಿರುಗುತ್ತದೆ. ಬಿಸಿಯೂ ಹೆಚ್ಚು, ಬ್ಯಾಟರಿಯೂ ಬೇಗ ಖಾಲಿ.

ನಾನು ಬಿಕಾಂ ಓದಿದವನು. ಆದಾಯ ಹೆಚ್ಚಿಸುವ ಮುಂಚೆ ಸೋರಿಕೆ ನಿಲ್ಲಿಸು ಎಂಬುದು ನನ್ನ ಪಾಠ. ಕಾರಿನ ಅಚ್ಚುಗಳು ಕೂರುವ ಕಡೆ ಕಿಟ್‌ನಲ್ಲಿ ಬರುವುದು ಬಹುಪಾಲು ಪ್ಲಾಸ್ಟಿಕ್ ಬುಷ್. ಅದರ ಬದಲು ಉಕ್ಕಿನ ಗುಂಡುಗಳಿರುವ ಬಾಲ್ ಬೇರಿಂಗ್ ಹಾಕಬಹುದು. ಈ ಚಾಸಿಗೆ ಒಟ್ಟು 16 ಬೇಕು. ನಮ್ಮಪ್ಪ ಗಾಡಿ ಅಚ್ಚಿಗೆ ಹರಳೆಣ್ಣೆಯಲ್ಲಿ ಮಸಿ ಕಲಸಿದ ಕೀಲೆಣ್ಣೆ ಹಾಕುತ್ತಿದ್ದರು. ಎತ್ತಿನ ಹೆಗಲು ನೋಯಬಾರದು ಎನ್ನುತ್ತಿದ್ದರು. ಬೇರಿಂಗೂ ಅದೇ ಕೆಲಸದ್ದು. ತರಿಸಿ ಹಾಕಿದೆವು. ಒಂದೇ ಬ್ಯಾಟರಿಯಲ್ಲಿ 13 ನಿಮಿಷ ಓಡುತ್ತಿದ್ದ ಕಾರು 15 ನಿಮಿಷ ಓಡಿತು. ಗಡಿಯಾರ ನೋಡಿ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಅದಾದ ಮೇಲೆ ಅವನ ಆಸೆಗೂ ಒಪ್ಪಿ ಹೊಸ ಮೋಟಾರು ಹಾಕಿದೆ. ನಾನೇ ಹಾಕಿದೆ. ರಜೆಯ ಕೊನೆಯ ದಿನ, ಊರಿನ ಮಕ್ಕಳೆಲ್ಲ ಬಂದಿದ್ದರು. ಕಾರು ಬಾಣದಂತೆ ಹೊರಟು ಅಂಗಳದ ನಡುವೆ ಗಕ್ಕನೆ ನಿಂತಿತು. ಮೋಟಾರು ಕಿರ್ರೆಂದು ಕೂಗುತ್ತಿದೆ, ಚಕ್ರ ಕದಲುತ್ತಿಲ್ಲ. ಎತ್ತಿ ನೋಡಿದರೆ ದೊಡ್ಡ ಹಲ್ಲುಚಕ್ರದ ಒಂದು ಅಂಚು ಸವೆದು ಪುಡಿಯಾಗಿದೆ.

"ನಾನು ಆವಾಗಲೇ ಹೇಳಲಿಲ್ಲವಾ? ಅತಿಯಾಸೆ! ಇದ್ದ ಮೋಟಾರು ಸಾಲದಾಗಿತ್ತಾ ನಿನಗೆ?" ಅಷ್ಟು ಮಕ್ಕಳೆದುರು ಗದರಿದೆ. ಹುಡುಗ ತಲೆ ತಗ್ಗಿಸಿದ. ಮಾರನೆಯ ದಿನ ಬಸ್ಸು ಹತ್ತುವಾಗ ಕಾರನ್ನು ಜಗಲಿಯ ಮೇಲೇ ಬಿಟ್ಟು ಹೋದ. "ಬೇಡ್ವೇನೋ?" ಎಂದರೆ "ನೀವೇ ಇಟ್ಕೊಳ್ಳಿ ತಾತ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಒಂದು ವಾರ ಕಾರಿನ ಕಡೆ ನೋಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟುಕೊಂಡು ಬಿಚ್ಚಿದೆ. ಮೋಟಾರಿನ ಕಡ್ಡಿಗೆ ಒಂದು ಪುಟ್ಟ ಹಲ್ಲುಚಕ್ರ ಕೂರುತ್ತದೆ. ಅದನ್ನು ಕಡ್ಡಿಗೆ ಹಿಡಿದಿಡುವುದು ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಸ್ಕ್ರೂ. ಕಡ್ಡಿ ಪೂರ್ತಿ ಗುಂಡಗಿಲ್ಲ, ಒಂದು ಮಗ್ಗುಲು ಚಪ್ಪಟೆ ಕೊರೆದಿರುತ್ತಾರೆ. ಸ್ಕ್ರೂವಿನ ಮೂತಿ ಆ ಚಪ್ಪಟೆ ಮಗ್ಗುಲ ಮೇಲೇ ಕೂರಬೇಕು. ಪುಸ್ತಿಕೆಯಲ್ಲಿ ಚಿತ್ರವಿದೆ, ಮೊಮ್ಮಗ ಓದಿಯೂ ಹೇಳಿದ್ದ. ನಾನು ಅದನ್ನು ಗುಂಡು ಮಗ್ಗುಲ ಮೇಲೆ ಕೂರಿಸಿದ್ದೆ, ಅದೂ ಅರೆಬಿಗಿಯಾಗಿ. ಮೋಟಾರು ಜೋರು ಮಾಡಿದಾಗ ಪುಟ್ಟ ಚಕ್ರ ಜಾರಿ, ಪಕ್ಕಕ್ಕೆ ಸರಿದು, ದೊಡ್ಡದರ ಅಂಚು ತಿಂದಿತ್ತು. ಹಳೆಯ ಮೋಟಾರಿಗೂ ನಾನು ಹಾಗೇ ಮಾಡಿದ್ದರೆ ಅದೂ ಒಂದು ದಿನ ಕೈಕೊಡುತ್ತಿತ್ತು.

ಲೆಕ್ಕ ತಾಳೆಯಾಯಿತು. ತಪ್ಪು ನನ್ನ ಲೆಡ್ಜರಿನಲ್ಲಿತ್ತು.

ಸಂಜೆಯವರೆಗೆ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಎಪ್ಪತ್ತು ದಾಟಿದವನು ಹನ್ನೆರಡು ವರ್ಷದವನ ಹತ್ತಿರ ಏನೆಂದು ಶುರುಮಾಡುವುದು? ಕೊನೆಗೆ ನೇರವಾಗಿ ಹೇಳಿದೆ: "ಕಾರು ಕೆಟ್ಟದ್ದು ನಿನ್ನ ಮೋಟಾರಿನಿಂದಲ್ಲ ಕಣೋ. ಸ್ಕ್ರೂ ಸರಿಯಾಗಿ ಕೂರಿಸದೇ ಇದ್ದದ್ದು ನಾನು. ನನ್ನ ಕೈ ನಡುಗುತ್ತೆ. ಯಾರಿಗೂ ಹೇಳಿಲ್ಲ. ಎಲ್ಲರೆದುರು ನಿನಗೆ ಬೈದದ್ದು ತಪ್ಪು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೈ ನಡುಗೋದು ನಂಗೆ ಮೊದಲ ದಿನಾನೇ ಗೊತ್ತಾಯ್ತು ತಾತ. ಸ್ಕ್ರೂ ಎಲ್ಲ ಇಡ್ಲಿ ತಟ್ಟೆಯಿಂದ ಹೊರಗೆ ಬೀಳ್ತಿತ್ತಲ್ಲ. ನಾನು ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ಡಾಕ್ಟರಿಗೆ ತೋರಿಸಿದ್ರಾ?"

ಅವನ ಬಲವಂತಕ್ಕೆ ಡಾಕ್ಟರಿಗೂ ತೋರಿಸಿದೆ. ವಯಸ್ಸಿನವರಲ್ಲಿ ಕಾಣುವ ನಡುಕವಂತೆ, ಮಾತ್ರೆ ಕೊಟ್ಟಿದ್ದಾರೆ. ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಫಿಯನ್ನು ಮುಕ್ಕಾಲು ಲೋಟ ಮಾತ್ರ ತುಂಬಿ ಕೊಡುತ್ತಾರೆ.

ಕ್ರಿಸ್ಮಸ್ ರಜೆಗೆ ಅವನು ಮತ್ತೆ ಬಂದ. ಬರುವಾಗ ಹೊಸ ಹಲ್ಲುಚಕ್ರ ತಂದಿದ್ದ. ಈ ಸಲ ಪುಸ್ತಿಕೆ ನನ್ನ ತೊಡೆಯ ಮೇಲೆ, ಸ್ಕ್ರೂಡ್ರೈವರ್ ಅವನ ಕೈಯಲ್ಲಿ. "ಚಪ್ಪಟೆ ಮಗ್ಗುಲು ನೋಡಿಕೋ" ಎಂದೆ. "ನೋಡ್ದೆ ತಾತ, ನೀವೂ ಒಂದ್ಸಲ ನೋಡಿ" ಎಂದು ಭೂತಗನ್ನಡಿ ಕೊಟ್ಟ. ನೋಡಿದೆ. ಸರಿಯಾಗಿ ಕೂತಿತ್ತು. ಡೈರಿಯ ಅಂಗಳದಲ್ಲಿ ರಾಗಿ ಒಣಹಾಕಿದ್ದರಿಂದ ಆವತ್ತು ಓಡಿಸಲು ಜಾಗವಿರಲಿಲ್ಲ. ಎರಡು ದಿನ ಕಾದು ಓಡಿಸಿದೆವು.