ಹೊರದೇಶದಲ್ಲಿ ನಮ್ಮ ದಾದಿಯರು: ನೋಂದಣಿಯ ಪ್ರಶ್ನೆ, ಭಾಷೆಯ ಪ್ರಶ್ನೆ

ಹೊರದೇಶದಲ್ಲಿ ದಾದಿಯಾಗಿ ದುಡಿಯುತ್ತಿರುವ, ಇಲ್ಲವೇ ಹೊರಡಲು ಸಿದ್ಧತೆ ನಡೆಸುತ್ತಿರುವ ಹೆಣ್ಣುಮಗಳೊಬ್ಬಳಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಇಂದು ಅಪರೂಪ. ಹುಡುಗರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಹಿಂದೆ ಕೊಲ್ಲಿ ರಾಷ್ಟ್ರಗಳೇ ಎಲ್ಲರ ಗುರಿಯಾಗಿದ್ದವು. ಈಗ ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾಗಳ ಹೆಸರು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಬರುತ್ತಿದೆ. ಪಾಸ್‌ಪೋರ್ಟ್ ಎಂದರೇನು, ವೀಸಾ ಎಂದರೇನು ಎಂಬುದು ಅಡಿಕೆ ಸುಲಿಯುತ್ತಾ ಕುಳಿತ ಅಜ್ಜಿಗೂ ಗೊತ್ತು. ಆದರೆ ದಾದಿಗೆ ಮೂರನೆಯದೊಂದು ಕಾಗದ ಬೇಕು. ಅದು ಆ ದೇಶದ ದಾದಿಯರ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿದೆ ಎಂಬ ನೋಂದಣಿ ಪತ್ರ. ಇದರ ತಿಳಿವಳಿಕೆ ಇಲ್ಲದೆ ಮನೆ ಅಡವಿಟ್ಟವರು, ಚಿನ್ನ ಮಾರಿದವರು ನಮ್ಮ ನಡುವೆ ಇರುವುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿತು.

ಮೊದಲಾಗಿ ತಿಳಿಯಬೇಕಾದ ಸಂಗತಿಯೆಂದರೆ, ನರ್ಸಿಂಗ್ ಪದವಿ ಬೇರೆ, ದಾದಿಯಾಗಿ ಕೆಲಸ ಮಾಡುವ ಹಕ್ಕು ಬೇರೆ. ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯ. ಹಕ್ಕನ್ನು ಕೊಡುವುದು ನೋಂದಣಿ ಮಂಡಳಿ. ಇದು ಬಿಳಿಯರು ನಮ್ಮನ್ನು ತಡೆಯಲೆಂದು ಹೊಸದಾಗಿ ಹೂಡಿದ ಉಪಾಯವೇನೂ ಅಲ್ಲ. ದಾದಿಯರ ನೋಂದಣಿಗೆಂದೇ 1901ರಲ್ಲಿ ಕಾಯಿದೆ ಮಾಡಿದ ಮೊದಲ ದೇಶ ನ್ಯೂಜಿಲ್ಯಾಂಡ್. ಇಂಗ್ಲೆಂಡಿನಲ್ಲಿ ಅದು ಬಂದದ್ದು 1919ರಲ್ಲಿ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1926ರಲ್ಲಿಯೇ, ಮದರಾಸಿನ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆ ಜಾರಿಗೆ ಬಂದಿತ್ತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಯಿದೆ ಬಂತು.

ದೂರದ ಮಾತೇಕೆ? ಮಂಜೇಶ್ವರ, ಬದಿಯಡ್ಕ, ಎಣ್ಮಕಜೆಗಳಿಂದ ಮಂಗಳೂರಿಗೆ ಹೋಗಿ ನರ್ಸಿಂಗ್ ಕಲಿತ ನಮ್ಮ ಮಕ್ಕಳನ್ನೇ ನೋಡೋಣ. ಅವರ ಹೆಸರು ಮೊದಲು ಸೇರುವುದು ಬೆಂಗಳೂರಿನಲ್ಲಿರುವ ಕರ್ನಾಟಕದ ಕೌನ್ಸಿಲಿನ ಪಟ್ಟಿಗೆ. ಹುಟ್ಟೂರಿಗೆ ಮರಳಿ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಹಿಡಿಯಬೇಕಾದರೆ ತಿರುವನಂತಪುರದ ಕೌನ್ಸಿಲಿನಲ್ಲಿ ಮತ್ತೆ ನೋಂದಣಿ ಆಗಬೇಕು. ತಲಪಾಡಿಯ ಗಡಿ ದಾಟುವುದಕ್ಕೇ ಇಷ್ಟು ವಿಧಿಗಳಿರುವಾಗ ಕಡಲು ದಾಟುವುದಕ್ಕೆ ಇನ್ನಷ್ಟು ಇರುವುದರಲ್ಲಿ ಆಶ್ಚರ್ಯವಿಲ್ಲ.

ಒಂದೊಂದು ದೇಶದ ಕ್ರಮ ಒಂದೊಂದು ತೆರ. ಕೊಲ್ಲಿಯಲ್ಲಿ ಪ್ರಮಾಣಪತ್ರಗಳ ಸತ್ಯಾಸತ್ಯತೆಯನ್ನು ಮೂಲ ಕಾಲೇಜು, ಆಸ್ಪತ್ರೆಗಳಿಂದಲೇ ವಿಚಾರಿಸಿ ಖಚಿತಪಡಿಸಿಕೊಂಡು, ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸುತ್ತಾರೆ. ಸಂಯುಕ್ತ ಅರಬ್ ಎಮಿರೇಟ್ಸ್ ಎಂಬ ಒಂದೇ ರಾಷ್ಟ್ರದೊಳಗೆ ದುಬೈಗೊಂದು, ಅಬುಧಾಬಿಗೊಂದು, ಉಳಿದ ಭಾಗಗಳಿಗೊಂದು ಎಂದು ಪ್ರತ್ಯೇಕ ಪರವಾನಗಿ ಇಲಾಖೆಗಳಿವೆ.

ಇಂಗ್ಲೆಂಡಿಗೆ ಹೋಗುವವರು ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲಿನ ಮುಂದೆ ಮೂರು ಕಟ್ಟೆಗಳನ್ನು ಹತ್ತಬೇಕು. ಮೊದಲನೆಯದು ಇಂಗ್ಲಿಷ್ ಪರೀಕ್ಷೆ. ಎರಡನೆಯದು ಕಂಪ್ಯೂಟರಿನ ಪರೀಕ್ಷೆ. ಇದರಲ್ಲಿ ಮದ್ದಿನ ಪ್ರಮಾಣ ಮೊದಲಾದ ಲೆಕ್ಕಗಳದೊಂದು ಭಾಗ, ದಾದಿವೃತ್ತಿಯ ಜ್ಞಾನದ್ದೊಂದು ಭಾಗ. ಇದನ್ನು ನಮ್ಮ ದೇಶದಲ್ಲಿ ಕುಳಿತೇ ಬರೆಯಬಹುದು. ಮೂರನೆಯದು ಓ.ಎಸ್.ಸಿ.ಇ. ಎಂಬ ಪ್ರಾಯೋಗಿಕ ಪರೀಕ್ಷೆ. ಅದು ನಡೆಯುವುದು ಅಲ್ಲಿಯೇ. 2021ರಿಂದ ಅದರಲ್ಲಿ ಹತ್ತು ಘಟ್ಟಗಳಿವೆ. ರೋಗಿಯನ್ನು ಮಾತನಾಡಿಸಿ ಸ್ಥಿತಿ ಅರಿಯುವುದು, ಆರೈಕೆಯ ಯೋಜನೆ ಬರೆಯುವುದು, ಮದ್ದು ಕೊಡುವುದು, ಪಾಳಿ ಮುಗಿಸುವಾಗ ಮುಂದಿನವರಿಗೆ ವಿಷಯ ಒಪ್ಪಿಸುವುದು, ಹೀಗೆ. ಇದರಲ್ಲಿ ಪಾಸಾಗಿ ಪಟ್ಟಿಗೆ ಹೆಸರು ಸೇರುವ ತನಕ ಎಷ್ಟೇ ಅನುಭವವಿದ್ದರೂ ಆಕೆ ಅಲ್ಲಿ ದಾದಿಯಲ್ಲ, ಸಹಾಯಕಿ ಮಾತ್ರ.

ಜರ್ಮನಿಯ ದಾರಿ ಬೇರೆ. ಅಲ್ಲಿ 2020ರಿಂದ ಜಾರಿಯಲ್ಲಿರುವ ಶುಶ್ರೂಷಾ ವೃತ್ತಿಗಳ ಕಾಯಿದೆಯಂತೆ ನಮ್ಮ ಪಠ್ಯಕ್ರಮವನ್ನು ಅವರ ಪಠ್ಯಕ್ರಮದೊಡನೆ ಹೋಲಿಸಿ, ಯಾವ ಯಾವ ವಿಷಯದಲ್ಲಿ ಕೊರತೆಯಿದೆ ಎಂದು ಲಿಖಿತವಾಗಿ ತಿಳಿಸುತ್ತಾರೆ. ಆ ಕೊರತೆಯನ್ನು ತರಬೇತಿಯಿಂದ ತುಂಬಿಸಬೇಕು, ಇಲ್ಲವೇ ಪರೀಕ್ಷೆ ಬರೆದು ತೋರಿಸಬೇಕು. ಜರ್ಮನ್ ಭಾಷೆಯಲ್ಲಿ ಬಿ-2 ಎಂಬ ಮಟ್ಟಕ್ಕೆ ಏರಬೇಕು. ಹದಿನಾರು ರಾಜ್ಯಗಳಿರುವ ಆ ದೇಶದಲ್ಲಿ ಈ ಕೆಲಸ ಆಯಾ ರಾಜ್ಯದ್ದು.

ಇದನ್ನೆಲ್ಲ ಕೇಳಿದಾಗ ನಮ್ಮವರು ಆಡುವ ಮಾತೊಂದಿದೆ: “ಹತ್ತು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದವಳಿಗೆ ಮತ್ತೆ ಪರೀಕ್ಷೆಯೇ? ಇದು ಅವಮಾನವಲ್ಲವೇ?” ಈ ಮಾತಿನ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ಆದರೂ ಪರೀಕ್ಷೆಯೇ ಕೂಡದು, ಭಾಷೆಯನ್ನು ಕೇಳುವುದೇ ಅನ್ಯಾಯ ಎಂಬ ವಾದವನ್ನು ಕಾಸರಗೋಡಿನ ಕನ್ನಡಿಗರಾದ ನಾವು ಒಪ್ಪುವಂತಿಲ್ಲ. ಏಕೆಂದರೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗಲೆಲ್ಲ ಶಾಲೆಯ ಗೇಟಿನ ಮುಂದೆ ನಿಂತು ನಾವು ಹೇಳಿದ್ದು ಏನನ್ನು? ಆ ಅಧ್ಯಾಪಕರು ವಿದ್ಯಾವಂತರಲ್ಲ ಎಂದೇ? ಅಲ್ಲ. ಗಣಿತವನ್ನು ಎಷ್ಟೇ ಬಲ್ಲವರಾಗಲಿ, ಎದುರು ಕುಳಿತ ಮಗುವಿನ ಭಾಷೆ ಅವರಿಗೆ ತಿಳಿಯದಿದ್ದರೆ ಆ ವಿದ್ಯೆ ಮಗುವನ್ನು ಮುಟ್ಟುವುದಿಲ್ಲ ಎಂದು ಹೇಳಿದೆವು. ಈ ಮಾತು ತರಗತಿಯಲ್ಲಿ ನಿಜವಾದರೆ ರೋಗಿಯ ಮಂಚದ ಬಳಿಯಲ್ಲಿ ಇನ್ನೂ ನಿಜ. ನೋವು ಎಲ್ಲಿದೆ, ಹೇಗಿದೆ, ಚುಚ್ಚುತ್ತಿದೆಯೇ, ಸೆಳೆಯುತ್ತಿದೆಯೇ ಎಂಬುದನ್ನು ಮುಪ್ಪಿನ ರೋಗಿ ತನ್ನ ಮಾತಿನಲ್ಲಿಯೇ ಹೇಳಬೇಕು. ಕನ್ನಡ, ತುಳು ಬಿಟ್ಟು ಬೇರೆ ಭಾಷೆ ಅರಿಯದ ನಮ್ಮ ಹಿರಿಯರು ಮಲಯಾಳ ಮಾತ್ರ ಬಲ್ಲ ಸಿಬ್ಬಂದಿಯ ಎದುರು ಕೈಸನ್ನೆಯಲ್ಲಿ ರೋಗ ವಿವರಿಸುವ ಪಾಡನ್ನು ಕಂಡ ನಾವು, ಜರ್ಮನಿಯ ಮುದುಕಿಗೆ ಆ ಪಾಡು ಬರಲಿ ಎನ್ನಲಾಗದು. ನಮಗೊಂದು ನ್ಯಾಯ, ಪರರಿಗೊಂದು ನ್ಯಾಯ ಸಲ್ಲದು.

ಹಾಗಾದರೆ ಅನ್ಯಾಯವೇ ಇಲ್ಲವೇ? ಇದೆ. ಅದು ಪರೀಕ್ಷೆ ಇರುವುದರಲ್ಲಿ ಅಲ್ಲ, ಪರೀಕ್ಷೆಯ ಅಳತೆಗೋಲಿನಲ್ಲಿ ಮತ್ತು ಅದರ ಸುತ್ತ ಬೆಳೆದಿರುವ ವ್ಯಾಪಾರದಲ್ಲಿ ಇದೆ.

ಇಂಗ್ಲೆಂಡಿನ ಉದಾಹರಣೆಯನ್ನೇ ನೋಡಿ. ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಮಾತನಾಡುವುದು, ಬರೆಯುವುದು ಈ ನಾಲ್ಕರಲ್ಲೂ 7 ಅಂಕ ಬೇಕೆಂಬ ನಿಯಮವಿತ್ತು. ಇಂಗ್ಲಿಷೇ ತಾಯ್ನುಡಿಯಾಗಿರುವ ಆಸ್ಟ್ರೇಲಿಯಾದ ದಾದಿಯರು ಸಹ ಅದರಲ್ಲಿ ಸೋತ ಸುದ್ದಿ 2017ರಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಆರೋಗ್ಯ ವೃತ್ತಿಯವರಿಗಾಗಿಯೇ ಇರುವ ಓ.ಇ.ಟಿ. ಪರೀಕ್ಷೆಯನ್ನು ಕೌನ್ಸಿಲು ಅಂಗೀಕರಿಸಿತು. 2018ರ ಡಿಸೆಂಬರಿನಲ್ಲಿ ಬರವಣಿಗೆಯ ಅಂಕವನ್ನು 6.5ಕ್ಕೆ ಇಳಿಸಿತು. 2023ರಲ್ಲಿ ಇನ್ನಷ್ಟು ಸಡಿಲಿಕೆಗಳನ್ನು ತಂದಿತು. ಇದು ಒಳ್ಳೆಯದೇ. ಆದರೆ ನವೆಂಬರಿನಲ್ಲಿ ಅಯೋಗ್ಯಳೆನಿಸಿದ ದಾದಿ ಡಿಸೆಂಬರಿನಲ್ಲಿ ಯೋಗ್ಯಳಾದದ್ದು ಹೇಗೆ? ಆಕೆಯ ಇಂಗ್ಲಿಷ್ ಬದಲಾಗಿರಲಿಲ್ಲ, ಗೆರೆ ಬದಲಾಯಿತು ಅಷ್ಟೆ. ಆ ಅರ್ಧ ಅಂಕಕ್ಕಾಗಿ ಮೂರು ನಾಲ್ಕು ಸಲ ಶುಲ್ಕ ಕಟ್ಟಿ ಪರೀಕ್ಷೆಗೆ ಕುಳಿತವರ ಹಣ ಮರಳಿ ಬರಲಿಲ್ಲ. ಮೇಲಾಗಿ ಈ ಪರೀಕ್ಷೆಗಳ ಫಲಿತಾಂಶಕ್ಕೆ ಎರಡೇ ವರ್ಷದ ಆಯುಸ್ಸು. ಕಾಲೇಜು, ಕೌನ್ಸಿಲು, ಆಸ್ಪತ್ರೆಗಳಿಂದ ಕಾಗದಗಳು ಸಕಾಲಕ್ಕೆ ಹೋಗದಿದ್ದರೆ ಗಳಿಸಿದ ಅಂಕವೂ ಕೈಬಿಡುತ್ತದೆ. ತಡ ಮಾಡಿದವರು ಕಚೇರಿಯವರು, ದಂಡ ತೆರುವವಳು ದಾದಿ.

ಈ ಕಷ್ಟದ ಸಂದಿನಲ್ಲಿಯೇ ಏಜೆಂಟರು ನುಸುಳುತ್ತಾರೆ. 2022ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಸರಕಾರ ವೃದ್ಧರ ಆರೈಕೆಯ ಸಹಾಯಕರಿಗೆ ವೀಸಾದ ಬಾಗಿಲು ತೆರೆದಾಗ, “ನೋಂದಣಿ ಆಮೇಲೆ ನೋಡಿಕೊಳ್ಳಬಹುದು, ಮೊದಲು ಅಲ್ಲಿ ಕಾಲಿಡಿ” ಎಂದು ಲಕ್ಷಗಟ್ಟಲೆ ಹಣ ಪಡೆದು ತರಬೇತಾದ ದಾದಿಯರನ್ನು ಆ ಕೆಲಸಕ್ಕೆ ಕಳುಹಿಸಿದವರುಂಟು. ಅಂಥವರಲ್ಲಿ ಅನೇಕರು ಹೋದ ಮೇಲೆ ಕೆಲಸವೇ ಇಲ್ಲದೆ ಬವಣೆಪಟ್ಟರು. 2025ರ ಜುಲೈಯಲ್ಲಿ ಹೊರದೇಶದವರ ಹೊಸ ನೇಮಕಕ್ಕೆ ಆ ಬಾಗಿಲನ್ನು ಮುಚ್ಚಲಾಯಿತು. ಕೆಲಸ ಕೊಡಿಸುವುದಕ್ಕೆಂದು ಉದ್ಯೋಗಾರ್ಥಿಯಿಂದ ಹಣ ಪಡೆಯುವುದು ಇಂಗ್ಲೆಂಡಿನಲ್ಲಿ 1973ರ ಕಾಯಿದೆಯಂತೆ ನಿಷಿದ್ಧ. ನಮ್ಮ ದೇಶದಲ್ಲಿಯೂ 1983ರ ವಲಸೆ ಕಾಯಿದೆಯಡಿ ಏಜೆಂಟರು ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ 2017ರ ತಿದ್ದುಪಡಿಯಂತೆ ತೆರಿಗೆ ಬಿಟ್ಟು 30,000 ರೂಪಾಯಿಯ ಮಿತಿಯಿದೆ. ಇದನ್ನು ಬಲ್ಲ ತಂದೆತಾಯಿಗಳು ಎಷ್ಟು ಮಂದಿ?

ಇದಕ್ಕೆ ಬದಲು ಸರಕಾರದ ದಾರಿಯೂ ಇದೆ. ದಾದಿಯರ ನೇಮಕಾತಿಯ ಹಗರಣಗಳು ಬಯಲಾದ ಬಳಿಕ, 2015ರಲ್ಲಿ ಕೇಂದ್ರ ಸರಕಾರವು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದಾದಿಯರನ್ನು ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳ ಮೂಲಕವೇ ಕಳುಹಿಸತಕ್ಕದ್ದೆಂದು ವಿಧಿಸಿತು. 2021ರ ಡಿಸೆಂಬರಿನಲ್ಲಿ ನೋರ್ಕಾ ರೂಟ್ಸ್ ಜರ್ಮನಿಯೊಡನೆ ‘ಟ್ರಿಪಲ್ ವಿನ್’ ಎಂಬ ಒಪ್ಪಂದ ಮಾಡಿಕೊಂಡಿತು. ಇದರಲ್ಲಿ ಆಯ್ಕೆಯಾದ ದಾದಿ ಭಾಷಾ ತರಬೇತಿಗಾಗಲಿ ನೇಮಕಾತಿಗಾಗಲಿ ಹಣ ಕೊಡಬೇಕಾಗಿಲ್ಲ.

ಇನ್ನು ನಮ್ಮ ಶಾಲೆಗಳಿಗೆ ನೇರವಾಗಿ ತಟ್ಟುವ ಮಾತಿಗೆ ಬರೋಣ. “ಮಗಳು ನರ್ಸ್ ಆಗಬೇಕು, ಹೊರದೇಶಕ್ಕೆ ಹೋಗಬೇಕು, ಅದಕ್ಕೆ ಇಂಗ್ಲಿಷ್ ಪರೀಕ್ಷೆ ಇದೆ, ಆದ್ದರಿಂದ ಕನ್ನಡ ಮಾಧ್ಯಮ ಬೇಡ” ಎಂದು ಒಂದನೆಯ ತರಗತಿಯಲ್ಲಿಯೇ ಮಗುವನ್ನು ಬೇರೆಡೆಗೆ ಸೇರಿಸುವ ತಂದೆತಾಯಿಗಳು ಹೆಚ್ಚುತ್ತಿದ್ದಾರೆ. ಮಕ್ಕಳ ಸಂಖ್ಯೆ ಇಳಿದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ, ಕೊನೆಗೆ ಶಾಲೆಯೇ ಹೋಗುತ್ತದೆ. 1956ರ ನವೆಂಬರ್ 1ರ ನಂತರ ಈ ನೆಲದಲ್ಲಿ ಕನ್ನಡವನ್ನು ಉಳಿಸಿದ್ದು ಮುಖ್ಯವಾಗಿ ಈ ಶಾಲೆಗಳೇ. ಆದ್ದರಿಂದ ಈ ವಾದ ಎಷ್ಟು ಗಟ್ಟಿಯೆಂದು ತೂಗಿ ನೋಡಬೇಕಾಗಿದೆ.

ಇಂಗ್ಲಿಷೇ ಮನೆಮಾತಾದವರು ಸೋತ ಪರೀಕ್ಷೆಯನ್ನು ಕೇವಲ ಇಂಗ್ಲಿಷ್ ಮಾಧ್ಯಮ ಗೆಲ್ಲಿಸಿಕೊಡುವುದಾದರೂ ಹೇಗೆ? ಆ ಪರೀಕ್ಷೆಯ ಬರವಣಿಗೆಯ ಭಾಗ ಬಯಸುವುದು ಉಚ್ಚಾರಣೆಯ ಬೆಡಗನ್ನಲ್ಲ. ಹೇಳಬೇಕಾದ್ದನ್ನು ಕ್ರಮವಾಗಿ ಜೋಡಿಸಿ, ಕಾರಣ ಕೊಟ್ಟು, ಸ್ವಂತ ವಾಕ್ಯದಲ್ಲಿ ಬರೆಯುವ ಶಕ್ತಿಯನ್ನು. ಆ ಶಕ್ತಿ ಹುಟ್ಟುವುದು ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ. ಕನ್ನಡದಲ್ಲಿ ಹತ್ತು ಸಾಲು ನೆಟ್ಟಗೆ ಬರೆಯಬಲ್ಲ ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿಯೂ ಬರೆಯಲು ಕಲಿಯುತ್ತಾಳೆ. ಜರ್ಮನಿಯ ಉದಾಹರಣೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಜರ್ಮನ್ ಮಾಧ್ಯಮದ ಶಾಲೆ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಪದವಿ ಮುಗಿಸಿದ ಮೇಲೆ ಅಕ್ಷರದಿಂದ ಆರಂಭಿಸಿಯೇ ಕೇರಳದ ದಾದಿಯರು ಆ ಭಾಷೆ ಕಲಿತು ಅಲ್ಲಿ ಕೆಲಸದಲ್ಲಿದ್ದಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ನಾಲಗೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮತ್ತೊಂದು ಭಾಷೆ ಬೆಟ್ಟವಾಗಬೇಕಾಗಿಲ್ಲ. ಬೇಕಾದದ್ದು ಎಂಟನೆಯ ತರಗತಿಯಿಂದಲೇ ನೋಟ್ಸು ಬಾಯಿಪಾಠದ ಬದಲು ಸ್ವಂತ ಬರವಣಿಗೆಯ ಅಭ್ಯಾಸ, ಮತ್ತು ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ಅಧ್ಯಾಪಕರು.

ಮಕ್ಕಳು ಹೋಗುವುದನ್ನು ತಡೆಯಬೇಕೆಂದು ನಾವು ಹೇಳುವುದಿಲ್ಲ. ಕೇರಳ ಸರಕಾರ 2018ರಲ್ಲಿ ಖಾಸಗಿ ಆಸ್ಪತ್ರೆಗಳ ದಾದಿಯರಿಗೆ 20,000 ರೂಪಾಯಿಯ ಕನಿಷ್ಠ ವೇತನವನ್ನು ಗೊತ್ತುಪಡಿಸಬೇಕಾದರೆ ಅವರು ವರ್ಷಗಟ್ಟಲೆ ಮುಷ್ಕರ ಹೂಡಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ ಇನ್ನೂ 58 ಲಕ್ಷ ದಾದಿಯರ ಕೊರತೆಯಿದೆ; ಇರುವ ದಾದಿಯರಲ್ಲಿ ಏಳರಲ್ಲಿ ಒಬ್ಬರು ಹುಟ್ಟಿದ ದೇಶದ ಹೊರಗೆ ದುಡಿಯುತ್ತಿದ್ದಾರೆ. ಬೇಡಿಕೆ ಇರುವಾಗ ಜನ ಹೋಗುತ್ತಾರೆ. ಹೋಗುವವರು ತಿಳಿದು ಹೋಗಲಿ, ತಲೆಯೆತ್ತಿ ಹೋಗಲಿ ಎಂಬುದೇ ನಮ್ಮ ಮಾತು.

ಅದಕ್ಕಾಗಿ ಮೂರು ಕೆಲಸಗಳು ಆಗಬೇಕು. ಒಂದು, ನೋರ್ಕಾದ ಪ್ರಕಟಣೆಗಳು, ಅರ್ಜಿಯ ವಿವರಗಳು, ಏಜೆಂಟರ ಬಗೆಗಿನ ಎಚ್ಚರಿಕೆಗಳು ಕಾಸರಗೋಡಿನಲ್ಲಿ ಕನ್ನಡದಲ್ಲಿಯೂ ಸಿಗಬೇಕು. ತಂದೆತಾಯಿಗಳು ಸಹಿ ಹಾಕುವ ಮೊದಲು ಓದಿ ತಿಳಿಯುವಂತಾಗಬೇಕು. ಇದು ಭಾಷಾ ಅಲ್ಪಸಂಖ್ಯಾತರಿಗೆ ಮಾಡುವ ಉಪಕಾರವಲ್ಲ, ಅವರ ಹಕ್ಕು. ಎರಡು, ಕರ್ನಾಟಕ ಮತ್ತು ಕೇರಳದ ಕೌನ್ಸಿಲುಗಳು ಪ್ರಮಾಣಪತ್ರಗಳ ದೃಢೀಕರಣಕ್ಕೆ ಇಂತಿಷ್ಟು ದಿನವೆಂದು ಗಡುವು ಹಾಕಿಕೊಂಡು ಅದನ್ನು ಪಾಲಿಸಬೇಕು. ಗಡಿಯ ಮಕ್ಕಳು ಎರಡು ರಾಜಧಾನಿಗಳ ನಡುವೆ ಅಲೆಯುವುದು ತಪ್ಪಬೇಕು. ಮೂರು, ನಮ್ಮ ಪ್ರೌಢಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳು ವರ್ಷಕ್ಕೊಮ್ಮೆಯಾದರೂ, ಹೊರದೇಶದಲ್ಲಿ ನೋಂದಣಿ ಪಡೆದು ರಜೆಯಲ್ಲಿ ಊರಿಗೆ ಬಂದ ದಾದಿಯರನ್ನು ಕರೆಸಿ ಮಕ್ಕಳೊಡನೆ ಮಾತನಾಡಿಸಬೇಕು. ಏಜೆಂಟನ ಬಣ್ಣದ ಕರಪತ್ರಕ್ಕಿಂತ ಅವರ ಒಂದು ಗಂಟೆಯ ಮಾತು ಮೇಲು.

ಈ ವಿಷಯದಲ್ಲಿ ನಮ್ಮ ಜನಪ್ರತಿನಿಧಿಗಳೂ ಕನ್ನಡ ಸಂಘಟನೆಗಳೂ ಆಸಕ್ತಿ ವಹಿಸುವರೆಂದು ಹಾರೈಸುತ್ತೇವೆ.