ಮಾಸಿದ ಪಿಂಗಾಣಿಗೆ ಹೊಸ ಹೊಳಪು

ವರ್ಷಗಟ್ಟಲೆ ಕೊಳವೆಬಾವಿಯ ಗಡಸು ನೀರು ಬಿದ್ದ ವಾಷ್ ಬೇಸಿನ್ನು, ಸ್ನಾನದ ತೊಟ್ಟಿ, ಬಚ್ಚಲ ಗೋಡೆಯ ಟೈಲುಗಳು ಕಳೆಗುಂದಿದಾಗ, ಕಿತ್ತು ಹೊಸದನ್ನು ಕೂಡಿಸುವ ವೆಚ್ಚಕ್ಕೆ ಅಂಜಿದ ಗೃಹಸ್ಥರು ಬಣ್ಣದಂಗಡಿಯತ್ತ ತಿರುಗುವುದು ಸಹಜ. ಕಿಟಕಿ ಬಾಗಿಲುಗಳ ಎನಾಮಲ್ ಇಲ್ಲಿ ಬಾಳದು. ಎರಡು ಡಬ್ಬಿಗಳಲ್ಲಿ ಬಂದು, ಬಳಿಯುವ ಮುನ್ನ ಬೆರೆಸಬೇಕಾದ ಎಪಾಕ್ಸಿ ಬಣ್ಣವೇ ತಕ್ಕದ್ದು.

ನುಣುಪಾದ ಪಿಂಗಾಣಿಗೆ ಯಾವ ಬಣ್ಣವೂ ಕಚ್ಚದು. ಸೋಪಿನ ಜಿಡ್ಡನ್ನೂ ಸುಣ್ಣದ ಕರೆಯನ್ನೂ ಕಳೆದು, ವಾಟರ್ ಪೇಪರಿನಿಂದ ಹೊಳಪು ಅಳಿಯುವಂತೆ ಉಜ್ಜಿ, ತೊಳೆದು, ಪೂರ್ಣವಾಗಿ ಒಣಗಿಸಬೇಕು. ತೊಟ್ಟಿಕ್ಕುವ ನಲ್ಲಿಯನ್ನು ಮೊದಲು ಸರಿಪಡಿಸದಿದ್ದರೆ ಬಣ್ಣ ಹೊಪ್ಪಳೆಯಾಗಿ ಏಳುವುದು ಖಂಡಿತ. ಕರೆ ತೆಗೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಎಂದಿಗೂ ಸೇರಬಾರದು. ಹುಟ್ಟುವುದು ಕ್ಲೋರಿನ್ ವಿಷಾನಿಲ.

ಇದಕ್ಕಿಂತಲೂ ಘೋರವಾದುದು, ಹಳೆಯ ಬಣ್ಣವನ್ನು ಕೀಳಲು ಮೆಥಿಲೀನ್ ಕ್ಲೋರೈಡ್ ಬೆರೆತ ದ್ರವವನ್ನು ಸುರಿಯುವುದು. ಅದರ ಆವಿ ಗಾಳಿಗಿಂತ ಭಾರ; ತೊಟ್ಟಿಯಲ್ಲೇ ತಂಗಿ, ಬಗ್ಗಿ ಕೆರೆಯುವವನ ಉಸಿರನ್ನು ಸೇರುತ್ತದೆ. ಅಮೆರಿಕದಲ್ಲಿ 2000ರಿಂದ 2011ರವರೆಗೆ ಸ್ನಾನದ ತೊಟ್ಟಿಗಳಿಗೆ ಹೊಸರೂಪ ಕೊಡುತ್ತಿದ್ದ ಕನಿಷ್ಠ 13 ಮಂದಿ ಹೀಗೆಯೇ ಸತ್ತರು. ಅವರು ನುರಿತ ಕೆಲಸಗಾರರು. ಹಳೆಯ ಬಣ್ಣವನ್ನು ಕೈಯಿಂದ ಉಜ್ಜಿ ತೆಗೆದರೆ ತಡವಾದೀತು, ಅಷ್ಟೆ.

ಎಪಾಕ್ಸಿಯ ವಾಸನೆಯೂ ಸೌಮ್ಯವಲ್ಲ. ಕಿಟಕಿ ತೆರೆದಿರಲಿ, ಕೈಗೆ ಗವಸಿರಲಿ, ಮಕ್ಕಳು ದೂರವಿರಲಿ. ಡಬ್ಬಿಯ ಮೇಲೆ ಹೇಳಿದಷ್ಟು ದಿನ ನೀರು ಸೋಕಬಾರದು. ಒಂದೇ ಬಚ್ಚಲಿರುವ ಮನೆಯವರು ಊರಿಗೆ ಹೊರಡುವ ಹಿಂದಿನ ದಿನ ಬಳಿಯುವುದು ಜಾಣತನ. ಆಮೇಲೆ ಮೆತ್ತನೆಯ ಬಟ್ಟೆಯಿಂದಲೇ ಒರೆಸಬೇಕು. ತೆಂಗಿನ ನಾರು, ಉಜ್ಜುವ ಪುಡಿ ವರ್ಜ್ಯ.